ಗ್ರಾಹಕರು ಕಟ್ಟದ ಕಂತು ನಿಮ್ಮ ಸಂಬಳದಲ್ಲಿ ಮುರಿದರೆ ಏನು ಮಾಡಬೇಕು?

ಚಳ್ಳಕೆರೆ ಕಡೆ ಶೇಂಗಾ ಕೈಕೊಟ್ಟರೆ, ಹಿರಿಯೂರಿನಲ್ಲಿ ಈರುಳ್ಳಿ ರೇಟು ಬಿದ್ದರೆ, ಜಗಳೂರಿನಲ್ಲಿ ಮೆಕ್ಕೆಜೋಳ ಒಣಗಿದರೆ, ಆ ವಾರ ಮೈಕ್ರೋಫೈನಾನ್ಸ್ ಸಾಲದ ಸಂಘದಲ್ಲಿ ಮೂರ್ನಾಲ್ಕು ಮಂದಿ ಕಂತು ಕಟ್ಟುವುದಿಲ್ಲ. ಬಾಕಿ ಉಳಿದ ಆ ದುಡ್ಡನ್ನು ಕಂತು ವಸೂಲಿಗೆ ಹೋದ ಫೀಲ್ಡ್ ಆಫೀಸರ್ ಸಂಬಳದಲ್ಲಿ ಮುರಿದುಕೊಳ್ಳುವ ಬ್ರಾಂಚ್‌ಗಳಿವೆ. ಕೆಲವು ಕಡೆ ಸಂಬಳದ ಚೀಟಿಯಲ್ಲೇ ತೋರಿಸುತ್ತಾರೆ. ಇನ್ನು ಕೆಲವು ಕಡೆ ‘ನೀನೇ ಹಾಕಿ ಕ್ಲೋಸ್ ಮಾಡು, ಆಮೇಲೆ ಅವರ ಹತ್ರ ಇಸ್ಕೋ’ ಅನ್ನುತ್ತಾರೆ. ಎರಡಕ್ಕೂ ಕಾನೂನಿನ ಒಪ್ಪಿಗೆ ಇಲ್ಲ. ಆದರೆ ಅದನ್ನು ಸಾಬೀತು ಮಾಡುವ ಕಾಗದ ನಿಮ್ಮ ಕೈಯಲ್ಲಿರಬೇಕು. ಆ ಕಾಗದ ಹುಟ್ಟುವುದು ಕಡಿತವಾದ ಮೇಲಲ್ಲ, ಪ್ರತಿ ದಿನದ ಕಲೆಕ್ಷನ್‌ನಲ್ಲಿ.

ವಸೂಲಾದ ಹಣ ಬೇರೆ, ವಸೂಲಾಗದ ಹಣ ಬೇರೆ

ವೇತನ ಸಂಹಿತೆ 2019, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 18 ಸಂಬಳದಲ್ಲಿ ಯಾವ್ಯಾವುದನ್ನು ಹಿಡಿಯಬಹುದು ಎಂದು ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಹಿಡಿಯುವಂತಿಲ್ಲ. ಕಂಪನಿಯವರು ಸಾಮಾನ್ಯವಾಗಿ ತೋರಿಸುವುದು ಅದರಲ್ಲಿನ ಒಂದು ಅಂಶವನ್ನು: ನೌಕರ ಲೆಕ್ಕ ಕೊಡಬೇಕಾದ ಹಣ ನಷ್ಟವಾಗಿ, ಆ ನಷ್ಟಕ್ಕೆ ಅವನ ನಿರ್ಲಕ್ಷ್ಯ ಅಥವಾ ತಪ್ಪೇ ನೇರ ಕಾರಣವಾಗಿದ್ದರೆ ಹಿಡಿಯಬಹುದು.

ಇದನ್ನು ನಿಧಾನವಾಗಿ ಓದಿ. ಗ್ರಾಹಕರಿಂದ ಇಸಿದುಕೊಂಡು ರಸೀದಿ ಕೊಟ್ಟ ಹಣಕ್ಕೆ ನೀವು ಲೆಕ್ಕ ಕೊಡಲೇಬೇಕು. ಅದು ಕಳೆದುಹೋದರೆ, ಬ್ರಾಂಚ್‌ಗೆ ಕಟ್ಟದಿದ್ದರೆ ಹೊಣೆ ನಿಮ್ಮ ಮೇಲೆ ಬರಬಹುದು. ಆದರೆ ಗ್ರಾಹಕರು ಕೊಡದೇ ಇದ್ದ ಹಣ ನಿಮ್ಮ ಕೈಗೆ ಬಂದೇ ಇಲ್ಲ. ಅದು ಸಾಲ ಕೊಟ್ಟ ಕಂಪನಿಗೂ ಸಾಲ ಪಡೆದವರಿಗೂ ನಡುವಿನ ಬಾಕಿ. ಆ ರಿಸ್ಕ್ ಲೆಕ್ಕ ಹಾಕಿಯೇ ಕಂಪನಿ ಬಡ್ಡಿ ದರ ನಿಗದಿ ಮಾಡಿರುತ್ತದೆ. ಕಡಿತದ ವಿಷಯದಲ್ಲಿ ಏನೇ ಮಾತಾಡಿದರೂ, ಏನೇ ಬರೆದರೂ ಈ ವ್ಯತ್ಯಾಸವನ್ನೇ ಹಿಡಿದುಕೊಳ್ಳಿ.

ನಿಜವಾದ ನಷ್ಟ ಆಗಿದ್ದರೂ ಸೆಕ್ಷನ್ 21ರ ಪ್ರಕಾರ ಮೊದಲು ಕಾರಣ ಕೇಳಿ ಉತ್ತರಿಸಲು ಅವಕಾಶ ಕೊಡಬೇಕು, ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು. ಎಲ್ಲ ಕಡಿತ ಸೇರಿ ಆ ತಿಂಗಳ ವೇತನದ ಶೇ. 50 ದಾಟಬಾರದು. ದಂಡವಾದರೆ ಶೇ. 3ಕ್ಕೆ ಮಿತಿ. ವೇತನ 16,000 ರೂಪಾಯಿ ಇದ್ದರೆ ದಂಡ 480 ರೂಪಾಯಿ ಮೀರುವಂತಿಲ್ಲ. ಅದೂ ಮೊದಲೇ ಅನುಮತಿ ಪಡೆದು ಪ್ರಕಟಿಸಿದ ತಪ್ಪುಗಳಿಗೆ ಮಾತ್ರ.

ಒಂದು ಅಪವಾದವನ್ನು ಮುಚ್ಚಿಡಬಾರದು. ಸಾಲ ಕೊಡುವ ಮುಂಚೆ ಗ್ರಾಹಕರ ಮನೆ ನೋಡದೆ ‘ನೋಡಿದೆ’ ಎಂದು ವರದಿ ಹಾಕಿದ್ದರೆ, ಒಬ್ಬರ ಹೆಸರಲ್ಲಿ ಸಾಲ ಎತ್ತಿ ಇನ್ನೊಬ್ಬರಿಗೆ ಕೊಡಿಸಿದ್ದರೆ, ಕಂಪನಿಗೆ ವಾದ ಮಾಡಲು ಜಾಗ ಸಿಗುತ್ತದೆ. ಟಾರ್ಗೆಟ್ ಒತ್ತಡಕ್ಕೆ ಬಿದ್ದು ಇಂಥದ್ದಕ್ಕೆ ಸಹಿ ಹಾಕಬೇಡಿ.

ದಿನದ ಲೆಕ್ಕ ಹೀಗಿರಲಿ

ಆ್ಯಪ್‌ನಲ್ಲಿ ಎಲ್ಲ ಇದೆಯಲ್ಲ ಎಂದು ನಂಬಿ ಕೂರಬೇಡಿ. ಕೆಲಸ ಬಿಟ್ಟ ದಿನವೇ ಲಾಗಿನ್ ನಿಲ್ಲುತ್ತದೆ. ಪುಟಕ್ಕೆ ನಂಬರ್ ಇರುವ ಇನ್ನೂರು ಪುಟದ ನೋಟ್‌ಬುಕ್ ಒಂದಿರಲಿ. ಪ್ರತಿ ಸೆಂಟರ್ ಮೀಟಿಂಗ್‌ಗೆ (ಸಂಘದವರು ಸೇರಿ ಕಂತು ಕಟ್ಟುವ ಸಭೆ) ಒಂದು ಪುಟ.

ಉದಾಹರಣೆಗೆ ಒಂದು ಸಂಘದಲ್ಲಿ 18 ಸದಸ್ಯರು, ತಲಾ ಕಂತು 1,150 ರೂಪಾಯಿ. ಡಿಮ್ಯಾಂಡ್, ಅಂದರೆ ಆ ದಿನ ಬರಬೇಕಾದ ಒಟ್ಟು ಕಂತು, 20,700. ಕಟ್ಟಿದವರು 15 ಮಂದಿ, ಬಂದದ್ದು 17,250. ಬಾಕಿ ಮೂವರದು, 3,450. ಪುಟದ ಮೇಲ್ಭಾಗದಲ್ಲಿ ಈ ಮೂರು ಸಂಖ್ಯೆ, ತಾರೀಖು, ಮೀಟಿಂಗ್ ಶುರುವಾದ ಮತ್ತು ಮುಗಿದ ಹೊತ್ತು. ಅದರ ಕೆಳಗೆ ನೋಟಿನ ವಿವರ: 500ರದು 30, 200ರದು 8, 100ರದು 6, 50ರದು 1. ಕೂಡಿದರೆ 17,250 ಬರಬೇಕು. ಸಂಘದ ಲೀಡರ್ ಮುಂದೆಯೇ ಎಣಿಸಿ, ಆ ಪುಟಕ್ಕೆ ಅವರ ಸಹಿ ಹಾಕಿಸಿ. ಬ್ರಾಂಚ್‌ನಲ್ಲಿ ಹಣ ಕಟ್ಟಿದಾಗ ಕ್ಯಾಷಿಯರ್ ಕೈಯಲ್ಲಿ ಅದೇ ಮೊತ್ತಕ್ಕೆ ಸಹಿ ತೆಗೆದುಕೊಳ್ಳಿ. ‘17,250 ಬಂತು, 17,250 ಕಟ್ಟಿದೆ’ ಎಂಬ ಎರಡು ಸಹಿ ಒಂದೇ ಪುಟದಲ್ಲಿದ್ದರೆ, ನೀವು ಲೆಕ್ಕ ಕೊಡಬೇಕಾದ ಹಣದಲ್ಲಿ ಒಂದು ರೂಪಾಯಿಯೂ ಕಮ್ಮಿಯಾಗಿಲ್ಲ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಬಾಕಿ ಮೂವರ ಬಗ್ಗೆ ತಲಾ ಒಂದು ಸಾಲು ಸಾಕು: ಬಂದಿದ್ದರೋ ಇಲ್ಲವೋ, ಏನು ಕಾರಣ ಹೇಳಿದರು, ಯಾವತ್ತು ಕಟ್ಟುತ್ತೇನೆ ಅಂದರು. ‘ಬೆಂಗಳೂರಿಗೆ ಗುಳೆ ಹೋಗಿದ್ದಾರೆ’, ‘ಆಸ್ಪತ್ರೆ ಖರ್ಚು’ ಹೀಗೆ. ಅದೇ ಸಂಜೆ ಬ್ರಾಂಚ್ ಮ್ಯಾನೇಜರ್‌ಗೆ ಮೆಸೇಜ್ ಹಾಕಿ: ‘ಇಂದು ಇಂಥ ಸೆಂಟರ್, ಡಿಮ್ಯಾಂಡ್ 20,700, ಕಲೆಕ್ಷನ್ 17,250 ಪೂರ್ತಿ ಜಮಾ. ಮೂವರು ಕಟ್ಟಿಲ್ಲ, ಕಾರಣ ಆ್ಯಪ್‌ನಲ್ಲಿ ಹಾಕಿದ್ದೇನೆ.’ ಅವರು ಉತ್ತರ ಕೊಡದಿದ್ದರೂ ಪರವಾಗಿಲ್ಲ. ನಾಳೆ ‘ನಿರ್ಲಕ್ಷ್ಯ’ ಎಂದರೆ ಅದಕ್ಕೆ ಉತ್ತರ ಈ ಮೆಸೇಜಿನಲ್ಲಿದೆ.

ಅರ್ಧ ಕಂತು ಬಂದಾಗ ಎಚ್ಚರ. ಒಬ್ಬರು 1,150ಕ್ಕೆ 500 ಕೊಟ್ಟರೆ 500ಕ್ಕೇ ರಸೀದಿ ಕೊಡಿ, ಲೋನ್ ಕಾರ್ಡ್‌ನಲ್ಲೂ 500 ಅಂತಲೇ ಬರೆಯಿರಿ. ‘ನಾಳೆ ಉಳಿದದ್ದು ಬರುತ್ತದಲ್ಲ’ ಎಂದು ಪೂರ್ತಿ ಕಂತಿಗೆ ಟಿಕ್ ಹಾಕಿದಿರೋ, ಉಳಿದ 650 ಆ ಕ್ಷಣದಿಂದ ನೀವು ಲೆಕ್ಕ ಕೊಡಬೇಕಾದ ಹಣವಾಯಿತು.

ಕೈಯಿಂದ ಹಾಕಬೇಡಿ

ಇಡೀ ವ್ಯವಹಾರ ಕೆಡುವುದು ಇಲ್ಲೇ. ಓಡಿ (ಗಡುವು ಮೀರಿದ ಬಾಕಿ) ಸೊನ್ನೆ ಮಾಡಲು ನೀವು ಜೇಬಿನಿಂದ 1,150 ಹಾಕಿ ಗ್ರಾಹಕರ ಹೆಸರಿನಲ್ಲಿ ಜಮಾ ಮಾಡಿದರೆ, ದಾಖಲೆ ಪ್ರಕಾರ ಗ್ರಾಹಕರು ಕಟ್ಟಿದ್ದಾರೆ. ನಿಮ್ಮ ಸಂಬಳದಲ್ಲಿ ಏನೂ ಹಿಡಿದಿಲ್ಲ. ನಿಮ್ಮ ಹಣ ಹೋಯಿತು, ಸಾಕ್ಷಿಯೂ ಹೋಯಿತು. ಆಡಿಟ್‌ನವರು ಹಳ್ಳಿಗೆ ಹೋಗಿ ಆ ಅಕ್ಕನನ್ನು ಕೇಳಿ, ಅವರು ‘ನಾನು ಆ ವಾರ ಕಟ್ಟಿಲ್ಲ’ ಅಂದರೆ ಸುಳ್ಳು ಎಂಟ್ರಿ ಹಾಕಿದ ಆರೋಪವೂ ನಿಮ್ಮ ತಲೆಗೇ. ಮುಂದಿನ ವಾರ ಅವರೂ ‘ಹೋದ ಸಲ ಸಾರ್ ಕಟ್ಟಿದ್ರಲ್ಲ’ ಎಂದು ಕಾಯುತ್ತಾರೆ.

ಈಗಾಗಲೇ ಕಟ್ಟಿದ್ದೀರಾ? ಹಾಗಾದರೆ ಒಂದು ದಾರಿ ಇದೆ. ನೌಕರ ಮಾಲೀಕರಿಗೆ ಅಥವಾ ಅವರ ಏಜೆಂಟರಿಗೆ ಕೊಟ್ಟ ಹಣವನ್ನೂ ವೇತನ ಕಡಿತ ಎಂದೇ ಪರಿಗಣಿಸಬೇಕು ಎಂದು ಸೆಕ್ಷನ್ 18ರ ವಿವರಣೆ ಹೇಳುತ್ತದೆ. ಮ್ಯಾನೇಜರ್ ನಂಬರ್‌ಗೆ ಫೋನ್‌ಪೇ ಮಾಡಿದ್ದು, ‘ಸಂಜೆಯೊಳಗೆ ಹಾಕಿ’ ಎಂಬ ಅವರ ಮೆಸೇಜು, ಆ ತಾರೀಖಿನ ಬ್ಯಾಂಕ್ ಸ್ಟೇಟ್‌ಮೆಂಟ್, ಈ ಮೂರನ್ನೂ ಜೋಡಿಸಿ ಇಟ್ಟುಕೊಳ್ಳಿ. ನಗದು ಕೊಟ್ಟು ಏನೂ ಬರೆಸಿಕೊಳ್ಳದಿದ್ದರೆ ಸಾಬೀತು ಮಾಡುವುದು ಬಹಳ ಕಷ್ಟ.

ಸಂಬಳದ ಚೀಟಿ ಓದುವುದು

‘ಓಡಿ ರಿಕವರಿ’ ಎಂದು ನೇರವಾಗಿ ಬರೆಯುವ ಕಂಪನಿಗಿಂತ ಬೇರೆ ಹೆಸರಲ್ಲಿ ಮುರಿಯುವ ಕಂಪನಿಯ ಚೀಟಿಯನ್ನು ಹೆಚ್ಚು ಹುಷಾರಾಗಿ ನೋಡಬೇಕು. ‘ಇತರೆ ಕಡಿತ’ ಎಂದಿದ್ದರೆ ಯಾವುದಕ್ಕೆ ಎಂದು ಲಿಖಿತವಾಗಿ ಕೇಳಿ. ‘ಅಡ್ವಾನ್ಸ್ ರಿಕವರಿ’ ಎಂದಿದ್ದು ನೀವು ಅಡ್ವಾನ್ಸ್ ತೆಗೆದುಕೊಂಡೇ ಇಲ್ಲದಿದ್ದರೆ ಅದೇ ವಾರ ಆಕ್ಷೇಪಣೆ ಹಾಕಿ. ಸುಮ್ಮನಿದ್ದರೆ ಒಪ್ಪಿದಂತೆ ತೋರುತ್ತದೆ. ಕೆಲಸಕ್ಕೆ ಹೋದ ದಿನಕ್ಕೆ ‘ಲಾಸ್ ಆಫ್ ಪೇ’ ಹಾಕಿದ್ದರೆ ನಿಮ್ಮ ನೋಟ್‌ಬುಕ್‌ನ ಆ ದಿನದ ಪುಟವೇ ಉತ್ತರ. ಗೈರುಹಾಜರಿ ಕಡಿತ ನಿಜವಾಗಿ ಗೈರಾದ ಹೊತ್ತಿಗೆ ಮಾತ್ರ.

ಇನ್ಸೆಂಟಿವ್ ವಿಷಯ ಬೇರೆ. ಇಷ್ಟು ಶೇಕಡಾ ಕಲೆಕ್ಷನ್ ಆದರೆ ಇಷ್ಟು ಎಂದು ಮೊದಲೇ ಹೇಳಿ, ಗುರಿ ಮುಟ್ಟದಿದ್ದಾಗ ಕೊಡದಿರುವುದನ್ನು ಕಡಿತ ಎಂದು ವಾದಿಸಿ ಗೆಲ್ಲುವುದು ಕಷ್ಟ. ಆದರೆ ಇನ್ಸೆಂಟಿವ್ ನೆಪದಲ್ಲಿ ಮೂಲ ವೇತನಕ್ಕೆ ಕೈ ಹಾಕುವಂತಿಲ್ಲ. ‘ಓಡಿ ಕಟ್ಟುವ ತನಕ ಸಂಬಳ ಹೋಲ್ಡ್’ ಎಂಬುದೂ ಸಲ್ಲದು: ಮಾಸಿಕ ವೇತನ ಮುಂದಿನ ತಿಂಗಳ 7ರೊಳಗೆ ಸೇರಬೇಕು.

ಕಡಿತವಾದ ಮೇಲೆ

ಮೊದಲು ಎಚ್‌ಆರ್‌ಗೆ ಈಮೇಲ್, ಪ್ರತಿ ನಿಮ್ಮ ಸ್ವಂತ ಈಮೇಲ್‌ಗೂ. ಉದ್ದ ಬೇಡ, ಬೈಗುಳ ಬೇಡ:

‘ಈ ತಿಂಗಳ ನನ್ನ ಸಂಬಳದಲ್ಲಿ ರೂ. 3,450 ಅನ್ನು ಇತರೆ ಕಡಿತ ಎಂದು ಹಿಡಿಯಲಾಗಿದೆ. ಯಾವ ನಷ್ಟಕ್ಕಾಗಿ, ಯಾವ ನಿಯಮದ ಪ್ರಕಾರ, ಅದರಲ್ಲಿ ನನ್ನ ತಪ್ಪೇನು ಎಂದು ಲಿಖಿತವಾಗಿ ತಿಳಿಸಿ. ಕಡಿತಕ್ಕೆ ಮುಂಚೆ ನನಗೆ ನೋಟಿಸ್ ಬಂದಿಲ್ಲ. ನಾನು ವಸೂಲು ಮಾಡಿದ ಹಣವನ್ನೆಲ್ಲ ಅದೇ ದಿನ ಬ್ರಾಂಚ್‌ಗೆ ಕಟ್ಟಿದ್ದೇನೆ. ಏಳು ದಿನದೊಳಗೆ ಮೊತ್ತ ಹಿಂದಿರುಗಿಸಲು ಕೋರುತ್ತೇನೆ.’

‘ಬಾಕಿಗೆ ನಾನೇ ಜವಾಬ್ದಾರ’ ಎಂಬ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡಿ. ಒತ್ತಾಯಕ್ಕೆ ಹಾಕಿದ್ದರೂ ಎದೆಗುಂದಬೇಡಿ. ಸಲ್ಲಬೇಕಾದ ಹಣದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ವೇತನ ಸಂಹಿತೆಯ ಸೆಕ್ಷನ್ 60ರ ಪ್ರಕಾರ ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ಸೇರುವಾಗ ಖಾಲಿ ಚೆಕ್ ಕೊಟ್ಟಿದ್ದರೆ ಅದರ ನಂಬರ್ ಬರೆದು ವಾಪಸ್ ಕೇಳಿ ಈಮೇಲ್ ಹಾಕಿ. ‘ಪೊಲೀಸ್ ಕೇಸ್ ಹಾಕುತ್ತೇವೆ’ ಎಂದರೆ ನೆನಪಿರಲಿ: ನಂಬಿಕೆ ದ್ರೋಹದ ಅಪರಾಧಕ್ಕೆ, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 316ಕ್ಕೆ, ಹಣ ಮೊದಲು ನಿಮ್ಮ ವಶಕ್ಕೆ ಬಂದಿರಬೇಕು.

ಏಳು ದಿನದಲ್ಲಿ ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆ. ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಸಾಲ ಕಂಪನಿ) ನೌಕರರು ದಾವಣಗೆರೆ ಅಥವಾ ಚಿತ್ರದುರ್ಗದ ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿಗೆ, ಇಲ್ಲವೇ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬೇಕು. ಸ್ಮಾಲ್ ಫೈನಾನ್ಸ್ ಬ್ಯಾಂಕ್ ಆಗಿದ್ದರೆ ಅದು ಬ್ಯಾಂಕಿಂಗ್ ಕಂಪನಿ, ದೂರು ಹೋಗಬೇಕಾದ್ದು ಕೇಂದ್ರದ ಕಾರ್ಮಿಕ ಆಯುಕ್ತರ ವಿಭಾಗಕ್ಕೆ. ಇದು ತಪ್ಪಿದರೆ ಅರ್ಜಿ ತಿಂಗಳುಗಟ್ಟಲೆ ಅಲೆಯುತ್ತದೆ. ನೇಮಕಾತಿ ಪತ್ರದ ಮೇಲಿನ ಕಂಪನಿಯ ಪೂರ್ತಿ ಹೆಸರು ನೋಡಿಯೇ ಹೊರಡಿ. ವೇತನ ಸಂಹಿತೆಯ ಸೆಕ್ಷನ್ 45ರ ಕ್ಲೇಮ್ (ಹಿಡಿದ ಹಣ ವಾಪಸ್ ಕೇಳುವ ಅರ್ಜಿ) ಯಾವ ಅಧಿಕಾರಿ ಮುಂದೆ ಹಾಕಬೇಕು ಎಂದು ಅಲ್ಲೇ ಕೇಳಿ.

ಕ್ಲೇಮ್‌ಗೆ ಮೂರು ವರ್ಷ ಕಾಲಾವಕಾಶ ಇದೆ. 2025ರ ನವೆಂಬರ್ 21ಕ್ಕೂ ಹಿಂದಿನ ಕಡಿತ 1936ರ ವೇತನ ಪಾವತಿ ಕಾಯ್ದೆಯ ಕಾಲದ್ದು, ಅಲ್ಲಿ ಗಡುವು 12 ತಿಂಗಳು. ಹಳೆಯದಿದ್ದರೆ ಈ ವಾರವೇ ಹೋಗಿ. ಕಡಿತ ಅಕ್ರಮ ಎಂದು ತೀರ್ಮಾನವಾದರೆ ಮೊತ್ತದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಅಧಿಕಾರಿಗಿದೆ. ಸಲ್ಲಬೇಕಾದ್ದನ್ನು ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು. ಮ್ಯಾನ್‌ಪವರ್ ಏಜೆನ್ಸಿ ಮೂಲಕ ಸೇರಿದವರು ಏಜೆನ್ಸಿ ಮತ್ತು ಕಂಪನಿ ಇಬ್ಬರ ಹೆಸರನ್ನೂ ಹಾಕಿ. ವಕೀಲರ ಖರ್ಚು ಭರಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಫೋನ್ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ.

ಒತ್ತಡವನ್ನು ಗ್ರಾಹಕರ ಮೇಲೆ ಇಳಿಸಬೇಡಿ

ಸಂಬಳ ಹೋಗುತ್ತದೆಂಬ ಭಯದಲ್ಲಿ ರಾತ್ರಿ ಬಾಗಿಲ ಮುಂದೆ ಕೂತವರು, ನೆಂಟರಿಗೆ ಫೋನ್ ಮಾಡಿದವರು ಇದ್ದಾರೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಕೆ, ನೆಂಟರಿಷ್ಟರ ಪೀಡನೆ ಕೂಡದು. ಗೊತ್ತುಪಡಿಸಿದ ಜಾಗಕ್ಕೆ ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಿ ಕೇಳಬಹುದು. ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂದಿತು. ಠಾಣೆಯಲ್ಲಿ ದೂರು ದಾಖಲಾದಾಗ ಮೊದಲು ಬರುವುದು ಬಾಗಿಲಿಗೆ ಹೋದವರ ಹೆಸರು. ‘ಇವತ್ತೇ ತರಬೇಕು, ಅಲ್ಲೇ ಕೂತಿರು’ ಎಂದು ಫೋನಲ್ಲಿ ಆದೇಶ ಬಂದರೆ, ‘ನಿಯಮದಲ್ಲಿ ಇಲ್ಲ, ಮೆಸೇಜ್‌ನಲ್ಲಿ ಕಳಿಸಿ ಸಾರ್’ ಅನ್ನಿ. ಬಹುತೇಕ ಕಳಿಸುವುದಿಲ್ಲ.

ಕೆಲಸ ಬಿಡುವಾಗ

ರಾಜೀನಾಮೆ ಕೊಡುವ ಮುಂಚೆ ಎಲ್ಲ ತಿಂಗಳ ಸಂಬಳದ ಚೀಟಿ, ನೇಮಕಾತಿ ಪತ್ರ, ಇನ್ಸೆಂಟಿವ್ ಪಾಲಿಸಿ ಇಳಿಸಿಕೊಳ್ಳಿ. ಗ್ರಾಹಕರ ಆಧಾರ್, ಫೋಟೋ, ಫೋನ್ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ. ಅದು ನಿಮ್ಮ ಕ್ಲೇಮ್‌ಗೆ ಬೇಕಿಲ್ಲ, ನಿಮ್ಮ ಮೇಲೆಯೇ ದೂರಾಗಬಹುದು. ಸೆಂಟರ್‌ಗಳನ್ನು ಹೊಸಬರಿಗೆ ಒಪ್ಪಿಸುವಾಗ ಪ್ರತಿ ಸೆಂಟರ್‌ನ ಬಾಕಿ ಮೊತ್ತ ಬರೆದು ಇಬ್ಬರೂ ಸಹಿ ಹಾಕಿ, ಟ್ಯಾಬ್, ಬ್ಯಾಗ್, ರಸೀದಿ ಪುಸ್ತಕಕ್ಕೆ ಸ್ವೀಕೃತಿ ಪಡೆಯಿರಿ. ರಾಜೀನಾಮೆ ಪತ್ರದಲ್ಲಿ ಬಾಕಿಯ ಮಾತೇ ಬೇಡ. ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ವೇತನ ಚುಕ್ತಾ ಆಗಬೇಕು. ಆಗದಿದ್ದರೆ ಅದನ್ನೂ ಅದೇ ಕ್ಲೇಮ್‌ನಲ್ಲಿ ಸೇರಿಸಿ.