ರೂಪಚಂದ್ ಮೀನು: ಗಾಳದಿಂದ ತವೆಯವರೆಗೆ

ಗಂಗಾವತಿ, ಸಿಂಧನೂರು ಕಡೆ ಮೀನಿನಂಗಡಿಯಲ್ಲಿ ಅಗಲ ಮೈಯ, ಎದೆ ಕೆಂಪಗಿರುವ ಮೀನು ಕಂಡರೆ ಅದೇ ರೂಪಚಂದ್. ಮಾಂಸ ಕಚ್ಚಿ ತಿನ್ನುವ ಪಿರಾನ್ಹಾ ಮೀನು ಅಂತ ಹೆದರಬೇಡಿ. ಇದು ಅದರ ನೆಂಟ, ಪಾಕು ಎಂಬ ಮೀನು. ಮೂಲ ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿಗಳು. ಅಲ್ಲಿ ನದಿ ಉಕ್ಕಿ ಕಾಡಿಗೆ ನುಗ್ಗಿದಾಗ ಮರದಿಂದ ಉದುರುವ ಹಣ್ಣು, ಬೀಜ ತಿಂದು ಕೊಬ್ಬುತ್ತದೆ. ಬಾಯಿ ತೆರೆದು ನೋಡಿ, ಥೇಟ್ ನಮ್ಮ ದವಡೆ ಹಲ್ಲು!

ಸಾಕಿದ ಹೊಂಡದಲ್ಲಿ ಮಾಲೀಕರನ್ನು ಕೇಳಿ ಗಾಳ ಹಾಕುವುದಾದರೆ ಶೇಂಗಾ ಹಿಂಡಿ ಕಲಸಿದ ಹಿಟ್ಟಿನುಂಡೆ ಸಾಕು. ಗಾಳದ ಹತ್ತಿರ ತೆಳು ತಂತಿ ಕಟ್ಟಿ, ಇಲ್ಲಾಂದ್ರೆ ದಾರ ಕಚ್ಚಿ ಹರಿಯುತ್ತದೆ. ಜೀವಂತ ಮೀನನ್ನು ತುಂಗಭದ್ರೆಗೆ ಮಾತ್ರ ಬಿಡಲೇಬೇಡಿ, ಅದು ನಮ್ಮ ನದಿಯ ಮೀನಲ್ಲ.

ಕೊಳ್ಳುವಾಗ ಕಿವಿರು ಕೆಂಪಗಿರಬೇಕು, ಒತ್ತಿದ ಮಾಂಸ ಮತ್ತೆ ಮೇಲೇಳಬೇಕು. ಉಪ್ಪು, ಅರಿಶಿನ, ಹುಣಸೆ ರಸ ಹಚ್ಚಿ 10 ನಿಮಿಷ ಬಿಟ್ಟು ತೊಳೆಯಿರಿ, ಕೆಸರು ವಾಸನೆ ಕಡಿಮೆಯಾಗುತ್ತದೆ.

ಮುಖ್ಯ ಕೆಲಸ ಈಗ. ಬೆನ್ನಿನ ಮಾಂಸದಲ್ಲಿ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಹರಿತವಾದ ಚಾಕುವಿನಿಂದ ಅರ್ಧ ಬೆರಳಿನ ಅಗಲಕ್ಕೊಂದರಂತೆ ಒತ್ತೊತ್ತಾಗಿ ಅಡ್ಡ ಸೀಳು ಹಾಕಿ, ಚಾಕುವಿನಡಿ ಮುಳ್ಳು ಚಟಚಟ ಮುರಿಯುವುದು ಕೈಗೇ ಗೊತ್ತಾಗುತ್ತದೆ, ಆಮೇಲೆ ಎಣ್ಣೆಯಲ್ಲಿ ಅವು ಗರಿಗರಿಯಾಗುತ್ತವೆ. ಮಕ್ಕಳಿಗೆ ಪಕ್ಕೆಲುಬಿನ ತುಂಡು ಕೊಡಿ, ಅಲ್ಲಿ ಮುಳ್ಳು ದಪ್ಪ, ತೆಗೆಯೋದು ಸುಲಭ. ಬ್ರೆಜಿಲ್‌ನಲ್ಲೂ ಇದರ ಬಳಗದ ತಂಬಾಕಿ ಮೀನಿನ ಪಕ್ಕೆಲುಬನ್ನೇ ಕೆಂಡದ ಮೇಲೆ ಸುಟ್ಟು ತಿನ್ನುತ್ತಾರೆ.

ಖಾರದ ಪುಡಿ, ಬೆಳ್ಳುಳ್ಳಿ, ನಿಂಬೆರಸ, ಉಪ್ಪನ್ನು ಸೀಳಿನೊಳಗೂ ತುಂಬಿ ಅರ್ಧ ಗಂಟೆ ಇಡಿ. ಎಣ್ಣೆ ಜಾಸ್ತಿ ಬೇಡ, ಮೀನಿನಲ್ಲೇ ಕೊಬ್ಬಿದೆ. ಸಣ್ಣ ಉರಿಯಲ್ಲಿ ಎರಡೂ ಕಡೆ ಕೆಂಪಗೆ ಹುರಿದು ಬಿಸಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ಜೊತೆ ತಿನ್ನಿ.