ಯಂತ್ರವಿಲ್ಲದೆ ಪೆಲ್ವಿಕ್ ಫ್ಲೋರ್: ಬಾಣಂತಿಯರ ಜೊತೆ ನನ್ನ ಅನುಭವ

ಬಯೋಫೀಡ್‌ಬ್ಯಾಕ್ (ಸ್ನಾಯುವಿನ ಎಳೆತವನ್ನು ಪರದೆಯಲ್ಲಿ ತೋರಿಸುವ) ಯಂತ್ರವಿಲ್ಲದೆ ಹೆರಿಗೆಯಾದವರ ಮೂತ್ರ ಸೋರಿಕೆ ನಿಲ್ಲಿಸಲಾಗದು ಅಂತ ನಮ್ಮ ಫಿಸಿಯೋ ಬಳಗದವರೇ ಹೇಳುತ್ತಿದ್ದರು. ಬಾಣಂತಿಗೆ ಮೂರು ತಿಂಗಳು ವ್ಯಾಯಾಮದ ಸುದ್ದಿಯೇ ಬೇಡ ಅನ್ನುವುದು ಮನೆಯ ಹಿರಿಯರ ವಾದ. ಪೆಲ್ವಿಕ್ ಫ್ಲೋರ್ ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು. ಅವುಗಳ ವ್ಯಾಯಾಮ ಕಲಿಸುವುದನ್ನು ನಾನು ಒಂದು ಕೈಟವೆಲ್, ಗಟ್ಟಿ ಕುರ್ಚಿ ಮತ್ತು ಗ್ಲೌಸ್ ಇಟ್ಟುಕೊಂಡು ಶುರುಮಾಡಿದೆ. ಈಗ ಬರುವ ಹತ್ತರಲ್ಲಿ ಏಳೆಂಟು ಮಂದಿಗೆ ಮೂರು-ನಾಲ್ಕು ತಿಂಗಳಲ್ಲಿ ಕೆಮ್ಮಿದಾಗ ಸೋರುವುದು ನಿಲ್ಲುತ್ತದೆ, ಇಲ್ಲವೇ ಪ್ಯಾಡ್ ಬೇಡವಾಗುವಷ್ಟು ತಗ್ಗುತ್ತದೆ. ಅನುಮಾನಪಟ್ಟವರೇ ಈಗ ತಮ್ಮ ಕೇಸುಗಳನ್ನು ಇತ್ತ ಕಳಿಸುತ್ತಿದ್ದಾರೆ.

ಮೊದಲು ದುಡ್ಡಿನ ಮಾತು. ವಿಚಾರಿಸಿದಾಗ ಬಯೋಫೀಡ್‌ಬ್ಯಾಕಿಗೆ ಬಳಸುವ ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ) ಯಂತ್ರಕ್ಕೆ ₹80,000 ಆಸುಪಾಸು ಹೇಳಿದ್ದರು. ಯೋನಿಯೊಳಗೆ ಇಡುವ ಅದರ ಪ್ರೋಬ್ ಒಬ್ಬೊಬ್ಬರಿಗೂ ಬೇರೆ ಬೇಕು, ಅದು ₹1,500ರ ಮೇಲೆ. ₹300 ಫೀಸಿನ ಊರಿನಲ್ಲಿ ಆ ಬಂಡವಾಳ ತೀರಿಸಲು ₹700 ಕೇಳಬೇಕಾಗುತ್ತದೆ. ಅಷ್ಟು ಕೇಳಿದರೆ ಎರಡನೇ ಸಲ ಯಾರೂ ಬರುವುದಿಲ್ಲ. 2020ರಲ್ಲಿ ಬಂದ ಬ್ರಿಟನ್ನಿನ ಓಪಲ್ ಅಧ್ಯಯನದಲ್ಲಿ 600 ಹೆಂಗಸರನ್ನು ಎರಡು ವರ್ಷ ಗಮನಿಸಿದ್ದರು. ಬರೀ ವ್ಯಾಯಾಮ ಕಲಿತವರಿಗೂ ಅದರ ಜೊತೆ ಬಯೋಫೀಡ್‌ಬ್ಯಾಕ್ ಬಳಸಿದವರಿಗೂ ಸೋರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಓದಿದ ಮೇಲೆ ಯಂತ್ರದ ಆಸೆ ಬಿಟ್ಟೆ.

ನಿಜವಾದ ತೊಡಕು ಬೇರೆ ಕಡೆ ಇದೆ. "ಕೆಗೆಲ್ ಮಾಡ್ತಿದ್ದೀನಿ ಮೇಡಂ" ಅನ್ನುವವರಲ್ಲಿ ಅರ್ಧದಷ್ಟು ಮಂದಿ ಈ ಸ್ನಾಯುಗಳನ್ನು ಎಳೆದು ಬಿಡುವ ಆ ವ್ಯಾಯಾಮವನ್ನು ಸರಿಯಾಗಿ ಮಾಡುತ್ತಿರುವುದಿಲ್ಲ. 1991ರಲ್ಲೇ ಅಮೆರಿಕದ ಬಂಪ್ ತಂಡ 47 ಹೆಂಗಸರಿಗೆ ಬಾಯಿಮಾತಿನಲ್ಲಿ ಹೇಳಿಕೊಟ್ಟು ನೋಡಿತ್ತು: ಸರಿಯಾಗಿ ಮಾಡಿದವರು ಅರ್ಧಕ್ಕೂ ಕಡಿಮೆ. ಕಾಲುಭಾಗದವರು ಮಾಡುತ್ತಿದ್ದ ರೀತಿ ಸೋರಿಕೆಯನ್ನೇ ಹೆಚ್ಚಿಸುವಂಥದ್ದು. ಕೈಗೊಂದು ಚೀಟಿ ಕೊಟ್ಟು ಕಳಿಸುವ ಪದ್ಧತಿ ಸೋಲುವುದು ಇಲ್ಲೇ.

ಎಳೆತ ಸರಿಯಿದೆಯೇ ಎಂದು ಅವರಿಗೇ ತಿಳಿಯಲು ಟವೆಲ್ಲನ್ನು ಬಿಗಿಯಾಗಿ ಸುತ್ತಿ, 4–5 ಸೆಂ.ಮೀ. ದಪ್ಪದ ಸುರುಳಿ ಮಾಡಿ, ಕುರ್ಚಿಯ ಮೇಲೆ ಮುಂದಿನಿಂದ ಹಿಂದಕ್ಕೆ ಉದ್ದಕ್ಕೆ ಇಡಿ. ಕೂರುವ ಮೂಳೆಗಳು ಅದರ ಎರಡು ಪಕ್ಕಕ್ಕೆ ಬರಬೇಕು. ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿ. "ನಾಲ್ಕು ಜನರ ಮಧ್ಯೆ ಗಾಳಿ ತಡೆದ ಹಾಗೆ ಎಳೀರಿ, ಎಳೀತಾ ಉಸಿರು ಬಿಡಿ" ಎಂದರೆ ಸಾಕು. ಉಚ್ಚೆ ತಡೆದ ಹಾಗೆ ಅನ್ನುವುದಕ್ಕಿಂತ ಈ ಮಾತು ಬೇಗ ಹತ್ತುತ್ತದೆ. ಸರಿಯಾಗಿದ್ದರೆ ಟವೆಲ್ಲಿನಿಂದ ಮೇಲಕ್ಕೆ ಸರಿದಂತೆ ಅವರಿಗೇ ತಿಳಿಯುತ್ತದೆ. ಟವೆಲ್ ಒತ್ತಿದಂತಾದರೆ ಕೆಳಕ್ಕೆ ತಿಣುಕುತ್ತಿದ್ದಾರೆ ಎಂದರ್ಥ, ಅಲ್ಲೇ ನಿಲ್ಲಿಸಿ. ಕೂತವರ ತಲೆ ಒಂದಿಂಚು ಮೇಲೆದ್ದರೆ ಅದು ಪಿರ್ರೆಯ ಕೆಲಸ. ಉಸಿರು ಹಿಡಿಯುವವರಿಗೆ ಗಟ್ಟಿಯಾಗಿ ಎಣಿಸಲು ಹೇಳಿ. ಹೊಲಿಗೆ ಹಸಿಯಿದ್ದರೆ ಟವೆಲ್ ಬೇಡ; ಮಗ್ಗುಲಾಗಿ ಮಲಗಿಸಿ, ಬಟ್ಟೆಯ ಮೇಲಿಂದ ಅವರದೇ ಬೆರಳಿನಲ್ಲಿ ತಿಳಿಯಲಿ. ಎಳೆತ ಸಿಗದವರಿಗೆ ಸೊಂಟದ ಕೋನವನ್ನು ಒಂದು ರೀತಿ ಬದಲಾಯಿಸುತ್ತೇನೆ. ಅದನ್ನು ಬರೆದು ಕಲಿಸಲು ಬರುವುದಿಲ್ಲ, ಎದುರಿಗೆ ಬಂದರೆ ತೋರಿಸುತ್ತೇನೆ.

ಎಲ್ಲರಿಗೂ ಹತ್ತು ಸೆಕೆಂಡ್, ಹತ್ತು ಸಲ ಎಂದು ಬರೆದುಕೊಡಬೇಡಿ. ಗ್ಲೌಸ್ ಹಾಕಿದ ಬೆರಳಿನ ಒಳಪರೀಕ್ಷೆಯಲ್ಲಿ ಎಳೆತ ಮೂರು ಸೆಕೆಂಡ್ ನಿಂತರೆ ಮೂರರಿಂದಲೇ ಆರಂಭ. ಬಿಡುವ ಸಮಯ ಎಳೆಯುವ ಸಮಯದ ಎರಡರಷ್ಟಿರಲಿ. ಪೂರ್ತಿ ಸಡಿಲವಾಗದ ಸ್ನಾಯು ಬಲಗೊಳ್ಳುವುದಿಲ್ಲ. ದಿನಕ್ಕೆ ಮೂರು ಸಲ, ಸಲಕ್ಕೆ ಕನಿಷ್ಠ ಎಂಟು ಎಳೆತ, ಕನಿಷ್ಠ ಮೂರು ತಿಂಗಳು ಅನ್ನುವುದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ. ಅಲಾರಂ ಇಡಿಸಿ ನೋಡಿದೆ, ವಾರದೊಳಗೆ ಆಫ್ ಆಗಿರುತ್ತದೆ. ಮಗುವಿಗೆ ಹಾಲೂಡಿಸಲು ಕೂತಾಗ ಮಾಡಿ ಎಂದ ಮೇಲೆ ತಪ್ಪಿಸುವವರು ಕಡಿಮೆಯಾದರು. ಎರಡನೇ ವಾರದಿಂದಲೇ ಕೆಮ್ಮುವ, ಸೀನುವ, ಮಗುವನ್ನು ಎತ್ತುವ ಅರೆಕ್ಷಣ ಮೊದಲು ಎಳೆದು ಹಿಡಿಯುವುದನ್ನು ಸೇರಿಸಿ. ಬಲ ಬರುವ ಮೊದಲೇ ಸೋರಿಕೆ ತಗ್ಗಿಸುವುದು ಇದೇ.

ಬಾಣಂತನದ ಪದ್ಧತಿಗಳ ಜೊತೆ ಜಗಳ ಬೇಡ, ತಿದ್ದಿದರೆ ಸಾಕು. ಹೊಟ್ಟೆ ಕಟ್ಟುವ ಸೀರೆಯನ್ನು ಮೇಲಿನಿಂದ ಬಿಗಿದರೆ ಒತ್ತಡವೆಲ್ಲ ಕೆಳಗಿಳಿಯುತ್ತದೆ. ಸೊಂಟದ ಮೂಳೆಯಿಂದ ಶುರುಮಾಡಿ ಮೇಲಕ್ಕೆ ಹೋದಂತೆ ಸಡಿಲವಾಗಿರಲಿ, ಎರಡು ಬೆರಳು ತೂರಬೇಕು. ನೀರು ಕೊಡದಿರುವುದು ದೊಡ್ಡ ಶತ್ರು: ಮಲ ಗಟ್ಟಿಯಾಗುತ್ತದೆ, ತಿಣುಕುತ್ತಾರೆ, ತಿಂಗಳಿನ ವ್ಯಾಯಾಮ ಹಾಳು. ನೀರು ಎಂದರೆ ಅತ್ತೆಯಂದಿರು ಒಪ್ಪುವುದಿಲ್ಲ. ಜೀರಿಗೆ ಕಷಾಯ, ಬಿಸಿ ಸಾರು ಎಂದರೆ ಲೋಟಗಟ್ಟಲೆ ಕೊಡುತ್ತಾರೆ. ಕಮೋಡ್ ಇದ್ದ ಮನೆಯಲ್ಲಿ ಪಾದದ ಕೆಳಗೆ ಗೇಣೆತ್ತರದ ಸ್ಟೂಲ್ ಇಡಿಸಿ.

ಯೋನಿಯೊಳಗೆ ಹಿಡಿದಿಡುವ ತೂಕದ ಕೋನ್‌ಗಳನ್ನೂ ಪ್ರಯೋಗಿಸಿ ನೋಡಿದೆ. ಸೆಟ್ಟಿಗೆ ₹2,000 ಚಿಲ್ಲರೆ. ತೊಡೆ ಬಿಗಿಹಿಡಿದು ಕೋನ್ ಉಳಿಸಿಕೊಳ್ಳುವವರೇ ಹೆಚ್ಚು; ಹೆರಿಗೆಯಲ್ಲಿ ಹಿಗ್ಗಿದವರಿಗೆ ಅದು ನಿಲ್ಲುವುದೂ ಇಲ್ಲ. ಪೆಟ್ಟಿಗೆ ಮೂಲೆ ಸೇರಿದೆ. ಹೊಲಿಗೆಯ ಗಂಟಿಗೆ ಮಾತ್ರ ಕೊಬ್ಬರಿ ಎಣ್ಣೆ ಚೆನ್ನಾಗಿ ಕೆಲಸ ಮಾಡಿತು: ಪೂರ್ತಿ ಒಣಗಿದ ಮೇಲೆ, ಅಂದರೆ ಆರು ವಾರ ಕಳೆದ ಮೇಲೆ, ಹೆಬ್ಬೆರಳಿನಿಂದ ಐದು ನಿಮಿಷ ಅಡ್ಡಡ್ಡ ಸರಿಸುವುದು.

ಒಳಪರೀಕ್ಷೆಗೆ ಬೆರಳು ಇಟ್ಟೊಡನೆ ನೋವು, ಮೂತ್ರ ಹೊರಡಲು ತಡ, ಗಂಡನೊಡನೆ ಸೇರಿದಾಗ ಉರಿ ಇರುವವರಿಗೆ ಕೆಗೆಲ್ ಕೊಟ್ಟರೆ ಹೆಚ್ಚುತ್ತದೆ. ಅವರ ಸ್ನಾಯು ಮೊದಲೇ ಬಿಗಿದುಕೊಂಡಿದೆ. ಹೊಟ್ಟೆಯುಸಿರು, ಮಗ್ಗುಲಲ್ಲಿ ಮಂಡಿ ಮಡಚಿ ಮಲಗುವುದು, ಬಿಡುವ ಅಭ್ಯಾಸ — ಮೊದಲ ಮೂರ್ನಾಲ್ಕು ವಾರ ಇಷ್ಟೇ. ಮಲ ಅಥವಾ ಗಾಳಿ ತಡೆಯಲಾಗದವರನ್ನು, ಮೂತ್ರ ಕಟ್ಟಿದವರನ್ನು, ಯೋನಿಯಲ್ಲಿ ಗಡ್ಡೆ ಇಳಿದಂತೆ ಕಾಣುವವರನ್ನು ಮೊದಲು ಸ್ತ್ರೀರೋಗ ತಜ್ಞರಿಗೇ ತೋರಿಸಿ. ಉಳಿದವರಿಗೆ ಮೂರು ತಿಂಗಳಿಗೆ ಆರೇಳು ಭೇಟಿ, ಒಟ್ಟು ₹2,000 ಸುಮಾರು ಖರ್ಚು.