ವೀಲ್‌ಚೇರಲ್ಲಿ ಮ್ಯಾಚ್ ನೋಡೋಕೆ ಹೋಗ್ತೀರಾ? ಪ್ಲಾನ್ ಸೀಟಿಂದ ಶುರು ಮಾಡಿ

ನಮ್ಮ ಚಿಕ್ಕಪ್ಪಂಗೆ ಪೋಲಿಯೋ, ವೀಲ್‌ಚೇರ್ ಇಲ್ದೆ ಆಗಲ್ಲ, ಆದ್ರೆ ಕ್ರಿಕೆಟ್ ಅಂದ್ರೆ ಊಟ ಬಿಡ್ತಾರೆ. ಮೊದಲ ಸಲ ಅವರನ್ನ ಸ್ಟೇಡಿಯಂಗೆ ಕರ್ಕೊಂಡು ಹೋದಾಗ (ಯಾವ್ದು ಅಂತ ಬೇಡ ಬಿಡಿ) ಪಾರ್ಕಿಂಗಲ್ಲಿ ವಿಕಲಚೇತನರ ಜಾಗ ಅನ್ನೋ ನೀಲಿ ಬೋರ್ಡ್ ಏನೋ ಇತ್ತು, ಅದರ ಕೆಳಗೆ ಆರು ಬೈಕು, ಒಂದು ಜನರೇಟರ್. ರೋಡಲ್ಲೇ ಇಳಿಸಿ, ನಾಲ್ಕು ಹುಡುಗ್ರು ಕುರ್ಚಿ ಸಮೇತ ಮೆಟ್ಲು ಹತ್ತಿಸಿದ್ವಿ, ಅವ್ರು ಮ್ಯಾಚ್ ಪೂರ್ತಿ "ವಾಪಸ್ ಹೆಂಗ್ರೋ ಇಳಿಸ್ತೀರಾ" ಅಂತ್ಲೇ ಕೇಳ್ತಿದ್ರು. ಆವತ್ತಿಂದ ನಾನು ಎಲ್ಲಾ ಉಲ್ಟಾ ಪ್ಲಾನ್ ಮಾಡ್ತೀನಿ, ಮೊದಲು ಸೀಟು, ಆಮೇಲೆ ಗೇಟು, ಕಾರು ಕೊನೇಗೆ.

ಟಿಕೆಟ್‌ಗೆ ದುಡ್ಡು ಕಟ್ಟೋಕೆ ಮುಂಚೆ ಆಯೋಜಕರಿಗೆ ಮೇಲ್ ಹಾಕಿ ಕೇಳಿ. ವೀಲ್‌ಚೇರ್ ನಿಲ್ಸೋ ಜಾಗ ಯಾವ ಸ್ಟ್ಯಾಂಡಲ್ಲಿದೆ, ಯಾವ ಗೇಟಿಂದ ಹೋಗ್ಬೇಕು, ಜೊತೇಲಿ ಬರೋರಿಗೆ ಪಕ್ಕದಲ್ಲೇ ಸೀಟಾ, ಅವರಿಗೆ ಬೇರೆ ಟಿಕೆಟ್ ಬೇಕಾ, ಮುಂದಿರೋರು ಎದ್ದು ನಿಂತ್ರೆ ಪಿಚ್ ಕಾಣುತ್ತಾ. ಕೊನೇದನ್ನ ಯಾರೂ ಕೇಳಲ್ಲ, ಸಿಕ್ಸ್ ಹೋದಾಗೆಲ್ಲ ಬೇರೆಯವರ ಬೆನ್ನು ನೋಡ್ಕೊಂಡು ಕೂರೋ ಹಣೆಬರಹ ಅವರಿಗೇ ಗೊತ್ತು. ಫೋನಲ್ಲಿ ಕೇಳಿದ್ರೆ ಸಾಲದು, ಗೇಟಲ್ಲಿ "ನಮಗೇನೂ ಹೇಳಿಲ್ಲ ಸಾರ್" ಅಂತಾರೆ, ಆಗ ತೋರ್ಸೋಕೆ ಬರಹದಲ್ಲಿ ಉತ್ತರ ಇರ್ಬೇಕು. ಜೊತೆಗೆ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಇಟ್ಕೊಳ್ಳಿ, ಫೋಟೋ ಅಲ್ಲ, ಕಾರ್ಡೇ.

ಈಗ ಪಾರ್ಕಿಂಗ್, ತಲೆನೋವು ಇರೋದೇ ಇಲ್ಲಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ವಿಕಲಚೇತನರ ಕಾರಿನ ಜಾಗ 3.6 ಮೀಟರ್ ಅಗಲ ಇರ್ಬೇಕು, ಬಾಗಿಲಿಂದ 30 ಮೀಟರ್ ಒಳಗೆ. ಅಷ್ಟಗಲ ಯಾಕೆ ಅಂದ್ರೆ ಕಾರಿನ ಬಾಗಿಲು ಪೂರ್ತಿ ತೆಗೆದು, ಪಕ್ಕದಲ್ಲಿ ವೀಲ್‌ಚೇರ್ ನಿಲ್ಸಿ, ಸೀಟಿಂದ ಕುರ್ಚಿಗೆ ಜಾರ್ಕೋಬೇಕಲ್ಲ, ಅದಕ್ಕೆ. ನಮ್ಮ ಜನ ಕಾರಿನ ಪಕ್ಕ ಅದಕ್ಕಂತಲೇ ಪಟ್ಟೆ ಹಾಕಿರೋ ಜಾಗ ಖಾಲಿ ಇದೆ ಅಂದ್ಕೊಂಡು ಬೈಕ್ ತುರುಕ್ತಾರೆ! ಅದಕ್ಕೇ ಪಾಸ್ ಕೇಳಿ, ಗಾಡಿ ನಂಬರ್ ಮೊದಲೇ ಕಳಿಸಿ, ಪಾಸ್ ಇಲ್ಲ ಅಂದ್ರೆ ಗೇಟ್ ಹತ್ರ ಇಳಿಸಿ ಹೋಗೋಕೆ ಬಿಡ್ತಾರಾ ಕೇಳಿ.

ಬೆಂಗಳೂರಿನ ಚಿನ್ನಸ್ವಾಮಿ ಆದ್ರೆ ಕಾರಿನ ಆಸೆ ಬಿಡೋದೇ ವಾಸಿ, ಮ್ಯಾಚ್ ದಿನ ಕ್ವೀನ್ಸ್ ರೋಡ್, ಕಬ್ಬನ್ ರೋಡ್ ಸುತ್ತಮುತ್ತ ಟ್ರಾಫಿಕ್ ಪೊಲೀಸ್ರು ನಿಲ್ಲಿಸೋಕೇ ಬಿಡಲ್ಲ. ಮೆಟ್ರೋ ಪರ್ಪಲ್ ಲೈನಿನ ಕಬ್ಬನ್ ಪಾರ್ಕ್ ಸ್ಟೇಷನ್ ಹತ್ರಾನೇ ಇದೆ, ಲಿಫ್ಟ್ ಇದೆ, ಯಾವ ಕಡೆ ಅಂತ ಸ್ಟೇಷನ್ ಸಿಬ್ಬಂದಿನ ಕೇಳಿ ಹೊರಡಿ.

ಮ್ಯಾಚ್ ದಿನ ಎರಡು ಗಂಟೆ ಮುಂಚೆ ಇರಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಗೇಟುಗಳ ಹತ್ರ ಕಾಲ್ತುಳಿತದಲ್ಲಿ 11 ಜನ ಸತ್ತಿದ್ದು ನೆನಪಿರ್ಬೇಕಲ್ಲ, ಓಡೋಕಾಗೋರೇ ಸಿಕ್ಕಾಕೊಂಡ್ರು, ಕುರ್ಚಿಲಿ ಕೂತೋರ ಗತಿ ಏನು? ನೂಕುನುಗ್ಗಲು ಕಂಡ್ರೆ ಟಿಕೆಟ್ ಹೋದ್ರೂ ಪರ್ವಾಗಿಲ್ಲ, ವಾಪಸ್ ಬನ್ನಿ. ತಿರುಗೋ ಕಂಬಿ ಗೇಟಲ್ಲಿ ಕುರ್ಚಿ ತೂರಲ್ಲ, ಪಕ್ಕದ ಬಾಗಿಲು ತೆಗೆಸಿ. ಮಾತ್ರೆ ಇದ್ರೆ ಡಾಕ್ಟ್ರ ಚೀಟಿನೂ ಇಟ್ಕೊಳ್ಳಿ. ಒಳಗೆ ಹೋದ್ಮೇಲೆ ಮೊದಲ ಕೆಲಸ ಟಾಯ್ಲೆಟ್ ನೋಡ್ಕೊಂಡು ಬರೋದು, ಎಷ್ಟೋ ಕಡೆ ಬೀಗ ಹಾಕಿರ್ತಾರೆ, ಕೀ ಯಾರ ಹತ್ರ ಅಂತ ಹುಡುಕೋಕೇ ಅರ್ಧ ಗಂಟೆ ಬೇಕು.

ಏನಾದ್ರೂ ಸರಿ ಇಲ್ಲ ಅಂದ್ರೆ ಅಲ್ಲೇ ಜಗಳ ಆಡ್ಬೇಡಿ, ಫೋಟೋ ತೆಗೀರಿ, ಟೈಮ್ ಬರ್ಕೊಳ್ಳಿ, ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮೀರಿದ್ರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮಾಡಿದ್ರೆ 50 ಸಾವಿರದಿಂದ 5 ಲಕ್ಷ.

ಹೊರಡೋದು ಒಂದೋ ಎರಡು ಓವರ್ ಮುಂಚೆ, ಇಲ್ಲಾ ಎಲ್ರೂ ಹೋದ್ಮೇಲೆ. ಮುಂಚೆ ಎದ್ದು ಬರೋಕೆ ಚಿಕ್ಕಪ್ಪ ಸುತಾರಾಂ ಒಪ್ಪಲ್ಲ, ಹಂಗಾಗಿ ಗ್ರೌಂಡಿನವರು ಪಿಚ್‌ಗೆ ಹೊದಿಕೆ ಎಳೆಯೋದನ್ನ ನೋಡ್ಕೊಂಡು, ಫ್ಲಾಸ್ಕಲ್ಲಿ ಉಳಿದಿರೋ ಕಾಫಿ ಕುಡೀತಾ ಕೂರ್ತೀವಿ.